ವಸ್ತುಸಂಗ್ರಹಾಲಯವನ್ನು ನೋಡುವ ಬಗೆ

ಪರಸ್ಥಳಕ್ಕೆ ಹೋಗಿ ಬಂದವರನ್ನು ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಏನೇನು ನೋಡಿದಿರಿ?” ಹೋಗಿ ಬಂದವರೂ ಬೆರಳು ಮಡಿಸಿ ಎಣಿಸಿ ಹೇಳುವರು. ಎಣಿಕೆ ಹೆಚ್ಚಿದಷ್ಟೂ ಪ್ರಯಾಣವು ಸಾರ್ಥಕವಾಯಿತೆಂದು ಹೇಳಿದವರಿಗೂ ಕೇಳಿದವರಿಗೂ ತೃಪ್ತಿ. ಈ ಪ್ರಶ್ನೆಯೇ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ವಿಶೇಷವಾಗಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದ ಹುಡುಗಿಯನ್ನು ಕೇಳತಕ್ಕ ಪ್ರಶ್ನೆಗಳು ಬೇರೆ ಎರಡುಂಟು. “ಯಾವುದರ ಮುಂದೆ ನಿಂತೆ?” ಎಂಬುದೊಂದು, “ಯಾರೊಡನೆ ನಿಂತೆ?” ಎಂಬುದಿನ್ನೊಂದು. ಇಷ್ಟು ಸಣ್ಣ ಮಾತು ನಮಗೆ ಹೊಳೆಯಲು ಹತ್ತಿರ ಹತ್ತಿರ ಐವತ್ತು ವರ್ಷಗಳು ಹಿಡಿದವು. ಅದು ಹೊಳೆದ ಬಗೆಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ, ಈಗಿನ ಮಕ್ಕಳ ತಂದೆತಾಯಿಗಳ ಮುಂದೆಯೂ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

1971ನೆಯ ಇಸವಿಯಲ್ಲಿ ನಮ್ಮ ತರಗತಿಯವರನ್ನು ಬೆಂಗಳೂರಿನ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದರು. ಬೆಳಗಿನ ರೈಲಿನಲ್ಲಿ ಹೋಗಿ ರಾತ್ರಿಯ ರೈಲಿನಲ್ಲಿ ಹಿಂದಿರುಗುವ ಏರ್ಪಾಡು. ಆ ಒಂದು ಹಗಲಿನಲ್ಲಿ ಲಾಲ್‌ಬಾಗಿನ ಗಾಜಿನ ಮನೆ, ವಿಧಾನಸೌಧ, ಕಬ್ಬನ್ ಪಾರ್ಕು, ವಸ್ತುಸಂಗ್ರಹಾಲಯ ಇವೆಲ್ಲವೂ ಮುಗಿಯಬೇಕಾಗಿದ್ದಿತು. ಇಬ್ಬಿಬ್ಬರಾಗಿ ಕೈಹಿಡಿದು ಸಾಲಾಗಿ ನಡೆದೆವು. ವಸ್ತುಸಂಗ್ರಹಾಲಯದ ಒಂದು ಬಾಗಿಲಿನಿಂದ ಒಳಹೊಕ್ಕ ಸಾಲು ಎಲ್ಲಿಯೂ ಮುರಿಯದೆ ಹೊರಕ್ಕೆ ಬಂದಿತು. ನಿಂತರೆ ಹಿಂದಿನವರು ತಳ್ಳುವರು. ಕೇಳಿದರೆ ಮುಂದಿನವರು ದೂರವಾಗುವರು. ಉಪಾಧ್ಯಾಯಿನಿಯವರನ್ನು ನಾವು ದೂರುವುದಿಲ್ಲ. ಅಷ್ಟೊಂದು ಹುಡುಗಿಯರನ್ನು ಎಣಿಸಿ ತಂದು ಎಣಿಸಿ ಒಪ್ಪಿಸಬೇಕಾದವರಿಗೆ ಕಲ್ಲಿನ ಕಡೆಗೆ ನೋಡಲು ಬಿಡುವೆಲ್ಲಿಯದು? ಮರುದಿನ ಪ್ರವಾಸದ ವರ್ಣನೆಯನ್ನು ಬರೆಯಹೇಳಿದಾಗ, ರೈಲಿನಲ್ಲಿ ತಿಂದ ಚಿತ್ರಾನ್ನದ ವಿಷಯವನ್ನು ಒಂದು ಪುಟ ಬರೆದು, ವಸ್ತುಸಂಗ್ರಹಾಲಯದ ವಿಷಯವಾಗಿ “ಅಲ್ಲಿ ಅನೇಕ ಹಳೆಯ ವಸ್ತುಗಳು ಇದ್ದವು” ಎಂಬ ಒಂದೇ ವಾಕ್ಯವನ್ನು ಬರೆದ ನೆನಪು ನಮಗೆ ಚೆನ್ನಾಗಿದೆ.

ಆ ಸಾಲಿನಲ್ಲಿ ನಮ್ಮ ಕೈಹಿಡಿದು ನಡೆದವಳೇ ಈ ಲೇಖನದ ಗೆಳತಿ. ಹಾಸ್ಟೆಲಿನಲ್ಲಿ ಪಕ್ಕದ ಹಾಸಿಗೆ ಅವಳದು. ಮುಂದೆ ಅವಳು ಕನ್ನಡ ಪಂಡಿತೆಯಾಗಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹೈಸ್ಕೂಲಿನ ಮಕ್ಕಳಿಗೆ ಪಾಠ ಹೇಳಿದಳು. ಮಕ್ಕಳು ಹೆದರುವ ಹಳಗನ್ನಡವು ಅವಳ ಬಾಯಲ್ಲಿ ನೆರೆಮನೆಯವರ ಮಾತಿನಷ್ಟು ಸಲೀಸಾಗಿ ಬರುವುದು. ನಾವು ಮದುವೆಯಾಗಿ ಬೆಂಗಳೂರಿಗೆ ಬಂದು ನೆಲೆಸಿದೆವು. ಮನೆಗೆ ಬಂದ ನೆಂಟರನ್ನೂ ಅವರ ಮಕ್ಕಳನ್ನೂ ಕಸ್ತೂರಬಾ ರಸ್ತೆಯ ಆ ಕೆಂಪು ಕಟ್ಟಡಕ್ಕೆ ಎಷ್ಟು ಬಾರಿ ಕರೆದೊಯ್ದೆವೋ ಲೆಕ್ಕವಿಲ್ಲ. ಹೀಗೆ ಅದು ನಮಗೆ ಪ್ರಿಯವಾದ ಸ್ಥಳವಾಯಿತು. ಎಲ್ಲವನ್ನೂ ಬಲ್ಲೆವೆಂಬ ಭ್ರಾಂತಿಯೂ ಅದರೊಡನೆ ಬೆಳೆಯಿತು.

ಆ ಸಂಸ್ಥೆಯ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಬಹುದು. ಮದರಾಸಿನಲ್ಲಿ 1851ರಲ್ಲಿ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ವೈದ್ಯ ಎಡ್ವರ್ಡ್ ಬಾಲ್ಫರ್ ಎಂಬವರ ಪ್ರಯತ್ನದಿಂದ, ಬೌರಿಂಗ್ ಸಾಹೇಬರು ಮೈಸೂರಿನ ಕಮಿಷನರಾಗಿದ್ದಾಗ, 1865ರಲ್ಲಿ ಬೆಂಗಳೂರಿನ ಸಂಗ್ರಹಾಲಯವು ಹುಟ್ಟಿತು. ಮೊದಲು ಅದು ದಂಡಿನ ಪ್ರದೇಶದಲ್ಲಿ, ಹಿಂದೆ ಸೆರೆಮನೆಯಾಗಿದ್ದ ಕಟ್ಟಡವೊಂದರಲ್ಲಿದ್ದಿತು. ಮ್ಯೂಜಿಯಮ್ ರಸ್ತೆಗೆ ಆ ಹೆಸರು ಬಂದುದು ಹೀಗೆ. 1877ರಲ್ಲಿ, ಮುಖ್ಯ ಇಂಜಿನಿಯರರಾಗಿದ್ದ ಕರ್ನಲ್ ಸ್ಯಾಂಕಿಯವರು ರೂಪಿಸಿದ ಕಟ್ಟಡಕ್ಕೆ ಬಂದು ನೆಲೆಯಾಯಿತು. ಊರ ಜನರು ಹಿಂದೆ ಇದನ್ನು ‘ತಮಾಷೆ ಬಂಗಲೆ’ ಎಂದು ಕರೆಯುತ್ತಿದ್ದರೆಂದು ಹೇಳುವುದುಂಟು. ಆ ಹೆಸರನ್ನು ಕೇಳಿ ನಗುವ ವಿದ್ಯಾವಂತರಾದ ನಾವು ಅಲ್ಲಿಗೆ ಹೋಗಿ ಮಾಡುವುದಾದರೂ ತಮಾಷೆ ನೋಡುವುದನ್ನೇ ಅಲ್ಲವೇ?

ಗೆಳತಿಯು ಕಾಗದ ಬರೆದಾಗಲೆಲ್ಲಾ, “ಒಮ್ಮೆ ಬಂದು ನಿನ್ನೊಡನೆ ಮ್ಯೂಜಿಯಮ್ಮಿನ ಕಲ್ಲುಗಳನ್ನು ನೋಡಬೇಕು, ಪಾಠ ಹೇಳುವ ಶಾಸನಗಳನ್ನು ಕಣ್ಣಾರೆ ಕಾಣಬೇಕು” ಎಂದು ಬರೆಯುವಳು. ನಾವೂ “ಬಾ, ಹೋಗೋಣ” ಎಂದು ಉತ್ತರ ಬರೆಯುವೆವು. ಒಂದು ವರ್ಷ ಅವಳ ಮನೆಯಲ್ಲಿ ಮದುವೆ. ಇನ್ನೊಂದು ವರ್ಷ ನಮ್ಮ ಮನೆಯಲ್ಲಿ ಬಾಣಂತನ. ಮತ್ತೊಂದು ವರ್ಷ ಯಾರದೋ ಕಾಯಿಲೆ. ಕಲ್ಲು ಎಲ್ಲಿಗೆ ಹೋದೀತು, ಮುಂದಿನ ರಜೆಯಲ್ಲಿ ನೋಡಿದರಾಯಿತೆಂದು ಇಬ್ಬರೂ ಸಮಾಧಾನ ಹೇಳಿಕೊಂಡೆವು. ಕಲ್ಲು ಎಲ್ಲಿಗೂ ಹೋಗಲಿಲ್ಲ. ಅವಳ ಕಣ್ಣು ಹೋಯಿತು.

ಪೂರ್ತಿಯಾಗಿ ಹೋಯಿತೆಂದಲ್ಲ. ಕಣ್ಣಿನ ಹಿಂಭಾಗದಲ್ಲಿರುವ ತೆಳುಪೊರೆಯ ನಡುಭಾಗವು ವಯಸ್ಸಾದ ಕೆಲವರಲ್ಲಿ ಕ್ಷಯಿಸುವುದುಂಟು. ಓದುವುದಕ್ಕೂ, ಮುಖದ ಗುರುತು ಹಿಡಿಯುವುದಕ್ಕೂ ಬೇಕಾದುದು ಆ ನಡುಭಾಗವೇ. ಅದು ಕೆಟ್ಟರೆ ಅಂಚಿನ ದೃಷ್ಟಿ ಮಾತ್ರ ಉಳಿಯುವುದು. ಬಾಗಿಲೆಲ್ಲಿ, ಗೋಡೆಯೆಲ್ಲಿ ಎಂಬುದು ತಿಳಿಯುವುದು. ಆದರೆ ಯಾವುದನ್ನು ನೇರವಾಗಿ ನೋಡಬೇಕೆನ್ನುವರೋ ಅದೇ ಮಸುಕಾಗುವುದು. ನಮ್ಮ ಗೆಳತಿಗೆ ಬಂದುದು ಈ ವ್ಯಾಧಿ. ಜೀವಮಾನವನ್ನೆಲ್ಲಾ ಅಕ್ಷರಗಳ ನಡುವೆ ಕಳೆದವಳಿಗೆ ಅಕ್ಷರವೇ ಕಾಣದಂತಾಯಿತು. 2018ರಲ್ಲಿ ಚಿಕಿತ್ಸೆಗಾಗಿ ಬೆಂಗಳೂರಿಗೆ ಬಂದವಳು ನಮ್ಮ ಮನೆಯಲ್ಲಿಯೇ ಇಳಿದುಕೊಂಡಳು. ಎರಡನೆಯ ದಿನ ಕಾಫಿ ಕುಡಿಯುತ್ತಾ, “ಈಗಲಾದರೂ ಹೋಗೋಣವೇನೇ?” ಎಂದಳು. ಇನ್ನು ಹೋಗಿ ಪ್ರಯೋಜನವೇನೆಂದು ನಮ್ಮ ಮನಸ್ಸಿಗೆ ಬಂದಿತು, ಬಾಯಿಂದ ಹೊರಡಲಿಲ್ಲ. ನಮ್ಮ ಮೌನವನ್ನು ಅವಳು ಅರಿತುಕೊಂಡಳು. “ನನ್ನ ಕಣ್ಣು ಹೋದರೇನು, ನಿನ್ನದಿದೆಯಲ್ಲ. ಆತಕೂರಿನ ಕಲ್ಲೊಂದನ್ನು ತೋರಿಸು, ಸಾಕು. ಅದರ ಪಾಠವನ್ನು ಬರೆದುಕೊಂಡು ಬಾ” ಎಂದಳು.

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚಾಗಿರುವ ಶಾಸನದ ಪಾಠವನ್ನು ಒಂದು ಹಾಳೆಯ ಮೇಲೆ ಪ್ರತಿ ಮಾಡಿಕೊಂಡು ಹೊರಟೆವು. ಒಳಗೆ ಹೋದ ಕೂಡಲೆ ನಮ್ಮ ಹಳೆಯ ಅಭ್ಯಾಸವು ತಲೆಯೆತ್ತಿತು. ಹಳೇಬೀಡಿನ ಶಿಲ್ಪವಿದೆ, ಬೇಗೂರಿನ ವೀರಗಲ್ಲಿದೆ, ಎಲ್ಲವನ್ನೂ ಒಂದು ಸುತ್ತು ನೋಡಿ ಬರೋಣವೆಂದೆವು. ಅವಳು ನಮ್ಮ ಕೈಯನ್ನು ಬಿಗಿಯಾಗಿ ಹಿಡಿದು, “ಬೇಡ. ಹುಡುಗಿಯರಾಗಿದ್ದಾಗ ಎಲ್ಲವನ್ನೂ ನೋಡಿದ್ದೇವೆ” ಎಂದಳು. ಅದರಲ್ಲಿದ್ದ ವ್ಯಂಗ್ಯವು ನಮಗೆ ತಟ್ಟಿತು.

ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಒಂದು ಊರು. ಕಲ್ಲಿನ ಕಾಲ ಶಕ 872, ಎಂದರೆ ಕ್ರಿಸ್ತಶಕ 949–50. ನಾವು ಆ ಕಲ್ಲಿನ ಮುಂದೆ ನಿಂತು, ಒಂದು ನಾಯಿಯೂ ಒಂದು ಹಂದಿಯೂ ಹೋರಾಡುತ್ತಿರುವ ಚಿತ್ರವಿದೆ, ಅಕ್ಷರಗಳ ಸಾಲುಗಳಿವೆ ಎಂದು ವರ್ಣಿಸಿ ಸುಮ್ಮನಾದೆವು. ಗೆಳತಿಯು ಪಕ್ಕಕ್ಕೆ ಮುಖ ತಿರುಗಿಸಿ, ಕಣ್ಣಿನ ಅಂಚಿನಿಂದ ಕಲ್ಲನ್ನು ಹಿಡಿಯಲು ಯತ್ನಿಸುತ್ತಾ, “ಅಷ್ಟನ್ನು ಪುಸ್ತಕವೂ ಹೇಳುತ್ತದೆ. ನಿನ್ನ ಕಣ್ಣು ಏನು ಹೇಳುತ್ತದೆ?” ಎಂದಳು. ಬಳಿಕ ಅವಳ ಪ್ರಶ್ನೆಗಳು ಆರಂಭವಾದವು. ಎರಡೂ ಎದುರುಬದುರಾಗಿವೆಯೇ, ಒಂದರ ಬೆನ್ನ ಹಿಂದೆ ಇನ್ನೊಂದೇ? ನಾಯಿಯ ಮೈ ತೆಳುವೋ ತೋರವೋ? ಬಾಲ ಹೇಗಿದೆ? ಕಾಲುಗಳು ನೆಲದ ಮೇಲೆ ಊರಿವೆಯೇ? ಹಂದಿಯ ಬೆನ್ನಿನ ಕೂದಲನ್ನು ಶಿಲ್ಪಿಯು ತೋರಿಸಿದ್ದಾನೆಯೇ? ಒಂದೊಂದು ಪ್ರಶ್ನೆಗೂ ನಾವು ಹಿಂದಕ್ಕೆ ತಿರುಗಿ ಕಲ್ಲನ್ನು ಮತ್ತೆ ನೋಡಬೇಕಾಯಿತು. ಎಷ್ಟೋ ಬಾರಿ ನೆಂಟರ ಮುಂದೆ ಕೈ ತೋರಿಸಿ ಹೇಳಿದ್ದ ಕಲ್ಲು ಅದು. ಅದರ ನಾಯಿಯ ಬಾಲವನ್ನು ನಾವು ಅಂದಿನವರೆಗೆ ನೋಡಿರಲಿಲ್ಲ. ಕಣ್ಣಿದ್ದ ನಮಗೆ ಅದಕ್ಕಿಂತ ಹೆಚ್ಚಿನ ನಾಚಿಕೆ ಬೇರೆ ಬೇಕೇ?

ಕಲ್ಲನ್ನು ಮುಟ್ಟಬೇಕೆಂಬ ಆಸೆ ಅವಳಿಗೆ ಇದ್ದಿತು. ಸಂಗ್ರಹಾಲಯಗಳಲ್ಲಿ ಮುಟ್ಟಬಾರದೆಂಬ ನಿಯಮವು ನ್ಯಾಯವಾದುದೇ. ಕೈಯ ಬೆವರಿನಲ್ಲಿರುವ ಉಪ್ಪೂ ಜಿಡ್ಡೂ ಸಾವಿರಾರು ಜನರಿಂದ ಸೇರಿದರೆ ಕಲ್ಲಿಗೂ ಕೇಡು ತಪ್ಪದು. ಆದುದರಿಂದ ನಾವು ಅವಳ ಅಂಗೈಯನ್ನು ಬಿಡಿಸಿ, ಕಲ್ಲನ್ನು ನೋಡುತ್ತಾ, ಬೆರಳಿನಿಂದ ಅದರ ಮೇಲೆ ನಾಯಿಯ ಗೆರೆಯನ್ನೂ ಹಂದಿಯ ಗೆರೆಯನ್ನೂ ಬರೆದು ತೋರಿಸಿದೆವು. ತಪ್ಪಿದಾಗ ಅಂಗೈಯನ್ನು ಒರಸಿ ಮತ್ತೆ ಬರೆದೆವು. ಮೂರನೆಯ ಸಲ ಬರೆದಾಗ ಅವಳು, “ಇದೋ, ಈಗ ಕಂಡಿತು” ಎಂದು ಬೆರಳುಗಳನ್ನು ಮಡಿಸಿಕೊಂಡಳು.

ಅನಂತರ ನಾವು ಹಾಳೆಯನ್ನು ಓದಿದೆವು. ಅವಳು ಅರ್ಥ ಹೇಳಿದಳು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಗಂಗರ ಬೂತುಗನು ಕೃಷ್ಣನ ಪಕ್ಷದಲ್ಲಿ ಕಾದಿದನು, ರಾಜಾದಿತ್ಯನು ಹತನಾದನು. ಬೂತುಗನ ಸೇವಕ ಮಣಲೆರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಅವನಿಗೆ ಊರುಗಳನ್ನು ಕೊಟ್ಟ ಮಾತೂ ಅದೇ ಕಲ್ಲಿನಲ್ಲಿದೆ. ಆದರೆ ಅವನಾಗಿ ಬಾಯಿಬಿಟ್ಟು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಬೆಳತೂರಿನ ಗುಡ್ಡದ ಬಳಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಈ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟನು. ಗುಡಿಯ ಗೊರವನು ಆ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪಕ್ಕೆ ಗುರಿಯಾಗುವನೆಂದು ಬರೆಯಿಸಿದನು.

ನಾವು ಶಾಲೆಯಲ್ಲಿ ಓದಿದ ಚರಿತ್ರೆಯ ಪುಸ್ತಕದಲ್ಲಿ ತಕ್ಕೋಲದ ಯುದ್ಧಕ್ಕೆ ಒಂದು ಪಂಕ್ತಿಯ ಸ್ಥಳವಿದ್ದಿತು, ನಾಯಿಗೆ ಸ್ಥಳವಿರಲಿಲ್ಲ. ಕಲ್ಲಿನಲ್ಲಿಯಾದರೋ ಅರಸರ ಯುದ್ಧವು ಅಕ್ಷರಗಳಲ್ಲಿ ಅಡಗಿದೆ, ಚಿತ್ರವೆಲ್ಲಾ ನಾಯಿಯದು. ಗೆಳತಿಯು ಬಹಳ ಹೊತ್ತು ಸುಮ್ಮನಿದ್ದು, “ಇವನಿಗೆ ಕಲ್ಲನ್ನು ನಿಲ್ಲಿಸಿದರೆ ಸಾಲದೆಂಬುದು ಗೊತ್ತಿತ್ತು. ದಿನವೂ ಒಬ್ಬರು ಬಂದು ಅದರ ಮುಂದೆ ನಿಲ್ಲಬೇಕೆಂದು ಕಟ್ಟಳೆ ಮಾಡಿದ. ನೋಡುವವರಿಲ್ಲದಿದ್ದರೆ ಕಲ್ಲು ಬರಿಯ ಕಲ್ಲೇ” ಎಂದಳು. ಗಡಿಯಾರವನ್ನು ನೋಡಿದೆವು. ಒಂದು ಕಲ್ಲಿನ ಮುಂದೆ ಒಂದು ಗಂಟೆ ಕಳೆದಿದ್ದಿತು. ಬೇರೆ ಯಾವುದನ್ನೂ ನೋಡದೆ, ಪಾರ್ಕಿನ ಮರದ ನೆರಳಿನಲ್ಲಿ ಸ್ವಲ್ಪ ಕುಳಿತಿದ್ದು ಮನೆಗೆ ಬಂದೆವು.

ಕುರುಡನೂ ಹೆಳವನೂ ಒಬ್ಬರನ್ನೊಬ್ಬರು ಆಶ್ರಯಿಸಿ ಕಾಡನ್ನು ದಾಟಿದ ಕಥೆಯನ್ನು ನಾವೆಲ್ಲರೂ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಆ ದಿನ ಕಣ್ಣು ನಮ್ಮದು, ಅರಿವು ಅವಳದು. ಎರಡೂ ಸೇರಿ ಒಬ್ಬ ನೋಡುವವಳಾದಳು. ಅವಳ ಕಣ್ಣು ಚೆನ್ನಾಗಿದ್ದಾಗಲೇ ಹೋಗಿದ್ದರೆ ಇಬ್ಬರೂ ಹತ್ತು ನಿಮಿಷದಲ್ಲಿ ಕಲ್ಲನ್ನು ದಾಟಿ ಮುಂದೆ ಹೋಗುತ್ತಿದ್ದೆವೋ ಏನೋ. ಹಾಗೆಂದು ನಮ್ಮ ಸೋಮಾರಿತನಕ್ಕೆ ನಾವು ಕ್ಷಮೆ ಬೇಡಿಕೊಳ್ಳುತ್ತಿಲ್ಲ. ಕಲ್ಲಿನ ಅಕ್ಷರಗಳ ಮೇಲೆ ಅವಳ ಕಣ್ಣು ಓಡಾಡುವುದನ್ನು ನೋಡುವ ಭಾಗ್ಯವನ್ನು ನಾವು ಕೈಯಾರೆ ಕಳೆದುಕೊಂಡೆವು. ಈ ನಷ್ಟಕ್ಕೆ ಪರಿಹಾರವಿಲ್ಲ.

ಇನ್ನು ನಮ್ಮ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ವಿಚಾರಮಾಡೋಣ. ಇಂಥ ಸ್ಥಳಗಳನ್ನು ಒಬ್ಬರೇ ಮೌನವಾಗಿ ನೋಡಬೇಕೆನ್ನುವವರುಂಟು. ಮೌನವು ಒಳ್ಳೆಯದೇ, ಆದರೆ ಒಬ್ಬರೇ ಇರುವಾಗ ತಿಳಿಯದ ವಿಷಯವನ್ನು ತಿಳಿದಂತೆ ದಾಟಿಬಿಡುವುದು ಬಹಳ ಸುಲಭ. ಪಕ್ಕದಲ್ಲಿ ಕೇಳುವವಳೊಬ್ಬಳಿದ್ದರೆ ಆ ಕಳ್ಳತನ ನಡೆಯುವುದಿಲ್ಲ. ನೋಡಿದುದನ್ನು ಬಾಯಿಂದ ಹೇಳಬೇಕಾದಾಗಲೇ ನೋಡಿದೆವೋ ಇಲ್ಲವೋ ಎಂಬುದು ಹೊರಬೀಳುವುದು.

ಎರಡನೆಯದಾಗಿ, ಈಗ ಎಲ್ಲದರ ಚಿತ್ರವೂ ಕೈಯಲ್ಲಿರುವ ದೂರವಾಣಿಯಲ್ಲಿಯೇ ದೊರೆಯುವಾಗ ಅಲ್ಲಿಗೆ ಹೋಗುವ ಶ್ರಮವೇಕೆಂದು ಕೇಳುವರು. ಚಿತ್ರವನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ, ನಾವೂ ನೋಡುತ್ತೇವೆ. ಆದರೆ ಚಿತ್ರದ ಮುಂದೆ ನಾವು ಯಾರೂ ಒಂದು ಗಂಟೆ ನಿಲ್ಲುವುದಿಲ್ಲ. ಬೆರಳು ಮುಂದಕ್ಕೆ ಸರಿಯುತ್ತಲೇ ಇರುವುದು. ಶಾಲೆಯ ಹುಡುಗಿಯರ ಸಾಲನ್ನು ಹಿಂದಿನವರು ತಳ್ಳುತ್ತಿದ್ದರು. ಈಗ ನಮ್ಮ ಬೆರಳೇ ನಮ್ಮನ್ನು ತಳ್ಳುತ್ತಿದೆ.

ಮೂರನೆಯದಾಗಿ, ಶಾಲೆಯವರು ಪ್ರವಾಸಕ್ಕೆ ಕರೆದೊಯ್ಯುವುದು ವ್ಯರ್ಥವೇ ಎಂದು ಕೇಳಬಹುದು. ಖಂಡಿತವಾಗಿ ವ್ಯರ್ಥವಲ್ಲ. ಅಂದು ಆ ಸಾಲಿನಲ್ಲಿ ನಡೆದಿರದಿದ್ದರೆ ಆ ಕಟ್ಟಡವು ಅಲ್ಲಿದೆಯೆಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಶಾಲೆಯು ಬಾಗಿಲನ್ನು ತೋರಿಸಬಲ್ಲುದು. ಎರಡನೆಯ ಸಲ ಕರೆದೊಯ್ಯುವುದು ಮನೆಯವರ ಕೆಲಸ.

ಕಣ್ಣು ಕಾಣದವರ ವಿಷಯವಾಗಿಯೂ ಒಂದು ಮಾತು ಹೇಳತಕ್ಕದ್ದಿದೆ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2015ರಲ್ಲಿ ‘ಅನುಭವ’ ಎಂಬ ಹೆಸರಿನ ಪ್ರದರ್ಶನಾಂಗಣವೊಂದನ್ನು ತೆರೆದು, ಶಿಲ್ಪಗಳ ಪ್ರತಿರೂಪಗಳನ್ನು ಮಾಡಿಸಿ, ದೃಷ್ಟಿಯಿಲ್ಲದವರು ಕೈಯಿಂದ ಮುಟ್ಟಿ ತಿಳಿಯುವಂತೆ ಏರ್ಪಡಿಸಿದರು. ಮೂಲದ ಕಲ್ಲಿಗೂ ಕೇಡಿಲ್ಲ, ಬಂದವರಿಗೂ ನಿರಾಶೆಯಿಲ್ಲ. ಇದು ದೊಡ್ಡ ವೆಚ್ಚದ ಕೆಲಸವೇನೂ ಅಲ್ಲ. ನಮ್ಮ ನಾಡಿನ ಒಂದೊಂದು ಸಂಗ್ರಹಾಲಯವೂ ತನ್ನಲ್ಲಿರುವ ಎರಡು ಮೂರು ಮುಖ್ಯ ಕಲ್ಲುಗಳಿಗಾದರೂ ಇಂಥ ಪ್ರತಿರೂಪಗಳನ್ನು ಇರಿಸಿದರೆ, ಕಣ್ಣಿಲ್ಲದವರಿಗೆ ಮಾತ್ರವಲ್ಲ, ಮುಟ್ಟಿ ನೋಡಲು ಹಾತೊರೆಯುವ ಎಳೆಯ ಮಕ್ಕಳಿಗೂ ಮಹದುಪಕಾರವಾದೀತು. ಅಂಗೈಯ ಮೇಲೆ ಗೆರೆ ಬರೆದು ತೋರಿಸುವ ಗೆಳತಿ ಎಲ್ಲರಿಗೂ ಇರುವುದಿಲ್ಲ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮಗಳನ್ನು ಅವಳ ಗೆಳತಿಯೊಬ್ಬಳೊಡನೆ ನಿಮ್ಮ ಸಮೀಪದ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿರಿ. ಒಂದು ಹಗಲಿಗೆ ಒಂದೇ ಸ್ಥಳವಿರಲಿ. ಇಬ್ಬರೂ ತಮಗೆ ಬೇಕಾದ ಒಂದು ವಸ್ತುವನ್ನು ಆರಿಸಿಕೊಳ್ಳಲಿ. ಒಬ್ಬಳು ಕಣ್ಣು ಮುಚ್ಚಿಕೊಳ್ಳಲಿ. ಇನ್ನೊಬ್ಬಳು ಕಂಡುದನ್ನು ಹೇಳಲಿ. ಬಳಿಕ ಸರದಿ ಬದಲಾಗಲಿ. ನೀವು ದೂರದ ಬೆಂಚಿನ ಮೇಲೆ ಕುಳಿತಿರಿ, ಆತುರಪಡಿಸಬೇಡಿರಿ. ಮನೆಗೆ ಬಂದ ಮೇಲೆ ಎಷ್ಟು ನೋಡಿದಿರೆಂದು ಕೇಳದೆ, ಯಾವುದರ ಮುಂದೆ ನಿಂತಿರಿ ಎಂದು ಕೇಳಿರಿ.

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಿಗೆ ನಾವು ಹೇಳುವುದು ಬೇರೆ. ಶಾಲೆಯ ಸಾಲಿನಲ್ಲಿ ನಿಮ್ಮ ಕೈಹಿಡಿದು ನಡೆದವಳು ಈಗ ಎಲ್ಲಿದ್ದಾಳೆಂಬುದು ನಿಮಗೆ ಗೊತ್ತಿರಬಹುದು. ಇಬ್ಬರೂ ಒಟ್ಟಿಗೆ ಹೋಗಬೇಕೆಂದುಕೊಂಡ ಸ್ಥಳವೂ ಒಂದಿರಬಹುದು. ನಮ್ಮ ಗೆಳತಿಯು ಈಗಲೂ ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡುವಾಗ, “ಕಾಳಿಯನ್ನು ನೋಡಿಬಂದೆಯಾ?” ಎಂದು ಕೇಳುವಳು. ಹೋಗಿ ಬಂದಿದ್ದರೆ ಕಂಡುದನ್ನು ಹೇಳುತ್ತೇವೆ, ಹೋಗದಿದ್ದರೆ ನಾಚಿಕೊಳ್ಳುತ್ತೇವೆ. ನೀವು ನಮ್ಮಂತೆ ಮುಂದಿನ ರಜೆಯನ್ನು ಕಾಯಬೇಡಿರಿ. ಈ ಸಂಚಿಕೆಯನ್ನು ಕೆಳಗಿಡುವುದಕ್ಕೆ ಮುಂಚೆ ಅವಳಿಗೆ ಬರೆದು, ಹೋಗುವ ದಿನವನ್ನು ಗೊತ್ತುಮಾಡಿರಿ.